ಕುಡಿಯದ ಚಂದಯ್ಯನ ಲಿವರ್

ಚಂದಯ್ಯನ ಲಿವರ್ ಕೆಟ್ಟಿದೆ ಎಂಬ ಸುದ್ದಿ, ಚಂದಯ್ಯ ಮನೆ ಮುಟ್ಟುವ ಮೊದಲೇ ಬಿಜೂರು ಮುಟ್ಟಿತ್ತು.

ಆದದ್ದು ಇಷ್ಟು. ೨೦೧೪ರ ಜನವರಿಯಲ್ಲಿ ಬಿಜೂರಿನ ಶಾಲೆಯಲ್ಲಿ ಸ್ವಸಹಾಯ ಸಂಘದವರು ಆರೋಗ್ಯ ತಪಾಸಣೆ ಇಟ್ಟುಕೊಂಡಿದ್ದರು. ಚಂದಯ್ಯನಿಗೆ ಆಗ ನಲವತ್ತೊಂಬತ್ತು ವರ್ಷ. ಬೈಂದೂರು ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್. ಯಾವ ಬಸ್ಸು ಯಾವ ನಿಮಿಷಕ್ಕೆ ಹೊರಡಬೇಕೆಂದು ಸೀಟಿ ಊದುವ ಕೆಲಸ. ಕೆಲವು ತಿಂಗಳಿಂದ ಅವನಿಗೆ ಎದ್ದರೂ ಸುಸ್ತು, ಕೂತರೂ ಸುಸ್ತು. ಹೆಂಡತಿ ವನಜ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ರಕ್ತದಲ್ಲಿ ಏನೋ ಏರುಪೇರು ಕಂಡಿತು. ಕುಂದಾಪುರಕ್ಕೆ ಹೋಗಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ಎಂದರು.

ಮಾಡಿಸಿದ. ಆದರೆ ಡ್ಯೂಟಿಗೆ ಹೊತ್ತಾಯಿತೆಂದು ಡಾಕ್ಟರನ್ನು ಕಾಣದೆಯೇ ಬಸ್ಸು ಹತ್ತಿದ. ರಿಪೋರ್ಟು ಹಿಡಿದುಕೊಂಡು ವನಜ ಬಿಜೂರಿನಲ್ಲಿ ಇಳಿದಳು. ಚಂದಯ್ಯ ಅದೇ ಬಸ್ಸಿನಲ್ಲಿ ಬೈಂದೂರಿಗೆ ಹೋದ.

ರಿಪೋರ್ಟು ಇಂಗ್ಲಿಷಿನಲ್ಲಿತ್ತು. ಪಕ್ಕದ ಮನೆಯ ಟೈಲರ್ ಮಂಜಯ್ಯ ಹದಿನೆಂಟು ವರ್ಷ ಮುಂಬೈಯಲ್ಲಿದ್ದು ಬಂದವನು. ಆ ಕೇರಿಯಲ್ಲಿ ಇಂಗ್ಲಿಷ್ ಕಾಗದ ಓದುವ ಹಕ್ಕು ಅವನದೇ. ಮೂರು ಸಲ ಓದಿ, ಕನ್ನಡಕ ತೆಗೆದು ಕಿಸೆಗೆ ಹಾಕಿದ.

“ಫ್ಯಾಟಿ ಲಿವರ್. ಗ್ರೇಡ್ ಎರಡ್.”

“ಅಂದ್ರೆ ಎಂತ ಮಂಜಣ್ಣ?” ವನಜ ಕೇಳಿದಳು.

“ಎಂತ ಹೇಳುದ್ ವನಜಕ್ಕ. ಲಿವರಿಗೆ ಕೊಬ್ಬ್ ಕಟ್ಟಿತ್ತ್. ಇದ್ ಕುಡುಕ್ರಿಗೆ ಬಪ್ಪು ಕಾಯ್ಲಿ. ಬೊಂಬಾಯಂಗೆ ನನ್ನ ಸೇಟಿಗೆ ಇದೇ ಆಯಿದ್ದಿತ್.”

“ಅವ್ರ್ ಕುಡುದಿಲ್ಲೆ ಅಲ್ದಾ?”

“ನಿಮ್ಗೆ ಗೊತ್ತಿಲ್ದೆ ಇಪ್ಪುಕೂ ಸಾಕ್,” ಎಂದ ಮಂಜಯ್ಯ.

ಬೇರೆ ಯಾರದೋ ಲಿವರ್ ಆಗಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಚಂದಯ್ಯ ಊರಿನ ಮದ್ಯವರ್ಜನ ಸಮಿತಿಯ ಕಾರ್ಯದರ್ಶಿ. ಆರು ವರ್ಷದಿಂದ ಮೈಕ್ ಹಿಡಿದು ಕುಡಿತದ ವಿರುದ್ಧ ಮಾತಾಡಿದವನು. ಯಾರದೇ ಮನೆಯಲ್ಲಿ ಮದುವೆಯ ಮುನ್ನಾದಿನದ ಮೆಹಂದಿಗೆ ಚಪ್ಪರದ ಹಿಂದೆ ಬಾಟಲಿಯ ಮುಚ್ಚಳ ತಿರುಗಿದ ಸದ್ದಾದರೆ ಸಾಕು, ಅಲ್ಲಿ ಚಂದಯ್ಯ ನಿಂತಿರುತ್ತಿದ್ದ. ಅಂಥವನಿಗೆ ಕುಡುಕರ ಕಾಯಿಲೆ. ಊರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೇ?

ಅಂದು ಸಂಜೆ ಚಂದಯ್ಯ ಬಸ್ಸಿಳಿದಾಗ ಅಂಗಡಿಕಟ್ಟೆಯ ಮೇಲೆ ಕೂತಿದ್ದವರೆಲ್ಲ ಮಾತು ನಿಲ್ಲಿಸಿದರು. ಗಾರೆ ಕೆಲಸದ ಸುಬ್ಬ ಮಾತ್ರ ಎದ್ದು ಬಂದ. ಸುಬ್ಬನನ್ನು ಕುಡಿತ ಬಿಡಿಸುವ ಶಿಬಿರಕ್ಕೆ ಮೂರು ಸಲ ಎತ್ತಿಕೊಂಡು ಹೋಗಿ ಹಾಕಿದವನು ಚಂದಯ್ಯನೇ. ಮೂರು ಸಲವೂ ಸುಬ್ಬ ವಾರದೊಳಗೆ ಮತ್ತೆ ಶುರು ಮಾಡಿದ್ದ. ಈಗ ಅವನು ಚಂದಯ್ಯನ ಎರಡೂ ಕೈ ಹಿಡಿದುಕೊಂಡ.

“ಚಂದಣ್ಣ, ಬೇಜಾರ್ ಮಾಡ್ಕಣ್ಬೇಡಿ. ನಾ ಯಾರಿಗೂ ಹೇಳುದಿಲ್ಲೆ.”

“ಎಂತ ಹೇಳುದಿಲ್ಲೆ?”

“ನೀವೂ ನಮ್ಮವ್ರೇ ಅಂದೇಳಿ. ಆರ್ ವರ್ಷ ವಾಸ್ನಿ ಬಾರ್ದಂಗೆ ಹ್ಯಾಂಗ್ ಕುಡಿದ್ರಿ? ಅದೊಂದ್ ಹೇಳ್ಕೊಡಿ, ಸಾಕ್.”

ಚಂದಯ್ಯನ ಮುಖ ಬೇಯಿಸಿದ ಏಡಿಯ ಹಾಗೆ ಕೆಂಪಾಯಿತು. ಮರುದಿನದಿಂದ ಅವನು ಕಂಡ ಕಂಡವರ ಮುಂದೆ ಬಾಯಿ ತೆರೆಯತೊಡಗಿದ. “ಮೂಸ್ ಕಾಣಿ,” ಎನ್ನುವನು, “ಮೂಸಿ ಹೇಳಿ, ಎಂತಾರೂ ವಾಸ್ನಿ ಇತ್ತಾ?” ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಇನ್ನೊಂದು ಬೆಂಚಿಗೆ ಸರಿದು ಕೂತರು. ಕೆಂಪು ಬಸ್ಸಿನ ಕಂಡಕ್ಟರ್ ಮತ್ತು ಹಸಿರು ಬಸ್ಸಿನ ಕಂಡಕ್ಟರ್ ಅದುವರೆಗೆ ಯಾವ ವಿಷಯದಲ್ಲೂ ಒಪ್ಪಿದವರಲ್ಲ. ಇಬ್ಬರೂ ಮೂಸಿ ನೋಡಿ, “ಏಲಕ್ಕಿ ವಾಸ್ನಿ ಬತ್ತ್. ಏಲಕ್ಕಿ ಎಂತಕೆ ತಿಂತ್ರ್ ಅಂದೇಳಿ ಎಲ್ರಿಗೂ ಗೊತ್ತಿತ್ತ್,” ಎಂದು ಒಂದೇ ದನಿಯಲ್ಲಿ ಹೇಳಿದರು. ಅದು ವನಜ ಬೆಳಿಗ್ಗೆ ಕೊಟ್ಟ ಚಹಾದ ಏಲಕ್ಕಿ.

ನಾಲ್ಕನೇ ದಿನ ಸಮಿತಿಯಿಂದ ಚೀಟಿ ಬಂತು. ಮಾರ್ಚ್ ತಿಂಗಳ ಮದ್ಯವರ್ಜನ ಶಿಬಿರದ ಉದ್ಘಾಟನೆಯ ದಿನ, ವಿಷಯ ಸ್ಪಷ್ಟವಾಗುವವರೆಗೆ, ಕಾರ್ಯದರ್ಶಿಯವರು ವೇದಿಕೆ ಹತ್ತುವುದು ಬೇಡ ಎಂದಿತ್ತು. ಚಂದಯ್ಯ ಅದನ್ನು ಓದಿ ಮಡಚಿಟ್ಟ. ಆ ದಿನ ಅವನು ಯಾರಿಗೂ ಬಾಯಿ ತೆರೆದು ತೋರಿಸಲಿಲ್ಲ. ಊಟಕ್ಕೂ ತೆರೆಯಲಿಲ್ಲ.

ಅವನು ಜಗಲಿಯಲ್ಲಿ ಹಾಗೆ ಕೂತಿದ್ದಾಗಲೇ ಆಶಾ ಕಾರ್ಯಕರ್ತೆ ಪುಷ್ಪ ಬಂದಳು. ಬೇಲಿಯಾಚೆಯಿಂದ ಮಂಜಯ್ಯನೂ ಬಂದು ನಿಂತ. ಅವನ ಕೈಯಲ್ಲಿ ಒಂದು ಬಾಟಲಿ ಕಹಿ ಬೇರಿನ ಕಷಾಯವಿತ್ತು.

“ಚಂದಣ್ಣ, ರಿಪೋರ್ಟ್ ಡಾಕ್ಟ್ರಿಗೆ ತೋರ್ಸಿದ್ರಿಯಾ?” ಪುಷ್ಪ ಕೇಳಿದಳು.

“ಮಂಜಯ್ಯ ಓದಿದ ಅಲ್ದಾ.”

“ಮಂಜಣ್ಣ ಅಂಗಿ ಅಳತಿ ತೆಗುದ್. ಲಿವರ್ ಅಳತಿ ತೆಗುದ್ ಬೇರೆಯವ್ರ್. ಕುಡಿದೆ ಇದ್ದವ್ರಿಗೂ ಫ್ಯಾಟಿ ಲಿವರ್ ಬತ್ತ್. ನಾಳೆ ನಾನೂ ಒಟ್ಟಿಗೆ ಬತ್ತೆ, ಹೋಪ.”

“ಅದ್ಕಿಂತ ಮೊದ್ಲ್ ಇದ್ ಕುಡಿಲಿ. ಮೂರ್ ದಿನದಂಗೆ ಲಿವರ್ ತೊಳ್ದ್ ಹೋತ್ತ್,” ಎಂದು ಮಂಜಯ್ಯ ಬಾಟಲಿ ಮುಂದೆ ಚಾಚಿದ.

“ಬೇಡ ಮಂಜಣ್ಣ. ಕೆಲವ್ ಬೇರ್ ಲಿವರಿಗೇ ವಿಷ. ಡಾಕ್ಟ್ರನ್ನ್ ಕೇಣ್ದೆ ಎಂತದೂ ಕುಡುಕಾಗ.”

ಮಂಜಯ್ಯನಿಗೆ ಅವಮಾನವಾಯಿತು. ತಾನು ಮಾಡಿದ ಕಷಾಯದಲ್ಲಿ ದೋಷವಿಲ್ಲವೆಂದು ತೋರಿಸಲು ಅಲ್ಲೇ ಅರ್ಧ ಬಾಟಲಿ ಕುಡಿದ. ಮರುದಿನ ಅವನ ಹೊಲಿಗೆ ಮೆಷಿನ್ನು ಸದ್ದು ಮಾಡಲಿಲ್ಲ. ಬಚ್ಚಲಮನೆಯ ಬಾಗಿಲು ಮಾತ್ರ ಹದಿನಾಲ್ಕು ಸಲ ಸದ್ದು ಮಾಡಿತೆಂದು ಅವನ ಹೆಂಡತಿಯೇ ಹೇಳಿದಳು.

ಕುಂದಾಪುರದ ಡಾಕ್ಟರಮ್ಮ ರಿಪೋರ್ಟು ನೋಡಿದರು. ಕುಡಿತ ಉಂಟೇ ಎಂದು ಗಂಡ ಹೆಂಡತಿ ಇಬ್ಬರನ್ನೂ ಕೇಳಿ, ಇಲ್ಲವೆಂದು ಬರೆದುಕೊಂಡರು. ಬಿ ಮತ್ತು ಸಿ ಕಾಮಾಲೆ ಸೋಂಕು ಇದೆಯೇ ಎಂದು ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರು. ಅದು ಇರಲಿಲ್ಲ. ತೂಕ ನೋಡಿದರು, ಎಂಬತ್ತೆರಡು ಕಿಲೋ. ರಕ್ತದ ಸಕ್ಕರೆ ಗಡಿಯ ಮೇಲೆ ನಿಂತಿತ್ತು.

“ದಿನಕ್ಕೆ ಎಷ್ಟು ಚಹಾ?” ಕೇಳಿದರು.

“ಎರಡ್,” ಎಂದ ಚಂದಯ್ಯ.

“ಒಂಬತ್ತ್,” ಎಂದಳು ವನಜ. “ಒಂದೊಂದಕ್ಕೂ ಎರಡೆರಡ್ ಚಮಚ ಸಕ್ರಿ. ನಡುವಿ ಎಣ್ಣಿಯಂಗೆ ಕರ್ದ ಬನ್ಸ್, ಗೋಳಿಬಜೆ. ಕುರ್ಚಿಯಂಗೆ ಕೂತ್ರೆ ಹನ್ನೆರಡ್ ಗಂಟಿ ಏಳುದಿಲ್ಲೆ. ಮನಿಗ್ ಬಂದ್ರೂ ಸೀಟಿ ಬಿಡುದಿಲ್ಲೆ. ನಿದ್ರಿಯಂಗೆ ‘ರೈಟ್ ರೈಟ್’ ಅಂತ್ರ್.”

“ನಿದ್ದೆ ಬರುತ್ತಾ?”

“ಇಲ್ಲೆ,” ಎಂದ ಚಂದಯ್ಯ. ಅದೊಂದಕ್ಕೆ ವನಜ ತಿದ್ದುಪಡಿ ಹೇಳಲಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಚಂದಯ್ಯ, ನಿಮ್ಮ ಲಿವರಿಗೆ ಕೊಬ್ಬು ಕಟ್ಟಿದ್ದು ಹೆಂಡದಿಂದ ಅಲ್ಲ. ಸಕ್ಕರೆ, ಕರಿದ ತಿಂಡಿ, ಕೂತ ಕೆಲಸ, ಬೊಜ್ಜು. ಅದರ ಜೊತೆಗೆ ನಿಮ್ಮ ತಲೆಯೊಳಗಿನ ಚಿಂತೆ.”

ಚಂದಯ್ಯನಿಗೆ ಇದು ಹಿಡಿಸಲಿಲ್ಲ. “ತಲಿ ಮೇಲಿತ್ತ್, ಲಿವರ್ ಕೆಳಗಿತ್ತ್. ನಡುವಿ ಯಾವ ರೂಟ್ ಇತ್ತ್ ಮೇಡಂ?”

“ಎರಡು ರೂಟ್ ಇದೆ. ಒಂದು ನರ, ಇನ್ನೊಂದು ರಕ್ತ. ಈಗ ಹೇಳಿ, ಹುಚ್ಚುನಾಯಿ ಅಟ್ಟಿಸಿಕೊಂಡು ಬಂದರೆ ಏನು ಮಾಡ್ತೀರಿ?”

“ಓಡ್ತೆ.”

“ಓಡೋದಕ್ಕೆ ಶಕ್ತಿ ಬೇಕಲ್ಲ. ನಾಯಿ ಕಂಡ ಕೂಡಲೇ ಮಿದುಳು ರಾಸಾಯನಿಕ ಸಂದೇಶ ಕಳಿಸುತ್ತೆ. ಕೆಲವು ನರದ ದಾರಿಯಲ್ಲಿ ನೇರವಾಗಿ ಲಿವರಿಗೆ ಹೋಗುತ್ತೆ. ಕೆಲವು ಮೂತ್ರಪಿಂಡದ ಮೇಲಿರೋ ಸಣ್ಣ ಗ್ರಂಥಿಗೆ ಹೋಗುತ್ತೆ. ಆ ಗ್ರಂಥಿ ಅಡ್ರಿನಲಿನ್, ಕಾರ್ಟಿಸೋಲ್ ಅನ್ನೋ ರಸಗಳನ್ನು ರಕ್ತಕ್ಕೆ ಬಿಡುತ್ತೆ. ಎಲ್ಲ ಸೇರಿ ಲಿವರಿಗೆ ಹೇಳೋದು ಒಂದೇ ಮಾತು, ‘ಕೂಡಿಟ್ಟ ಸಕ್ಕರೆ ತೆಗೆ, ಇವನು ಓಡಬೇಕು.’ ಲಿವರ್ ಸಕ್ಕರೆ ಬಿಡುತ್ತೆ. ನೀವು ಓಡ್ತೀರಿ. ಸಕ್ಕರೆ ಖರ್ಚಾಗುತ್ತೆ. ನಾಯಿ ಹೋಗುತ್ತೆ, ಎಲ್ಲ ತಣ್ಣಗಾಗುತ್ತೆ.”

“ಅದ್ ಸರಿ,” ಎಂದ ಚಂದಯ್ಯ.

“ನಿಮ್ಮ ನಾಯಿ ಯಾವುದು?”

“ಇವ್ರಿಗೆ ಒಂದ್ ಕೆಂಪ್ ನಾಯಿ, ಒಂದ್ ಹಸ್ರ್ ನಾಯಿ,” ಎಂದಳು ವನಜ. “ಎಂಟ್ ಹನ್ನೆರಡಕ್ಕೆ ಒಂದ್ ಬಸ್, ಎಂಟ್ ಹದ್ನೈದಕ್ಕೆ ಇನ್ನೊಂದ್. ಮೂರ್ ನಿಮಿಷಕ್ಕೆ ದಿನಾ ಜಗಳ.”

“ಆ ಹೊತ್ತಿಗೂ ಮಿದುಳು ಅದೇ ಸಂದೇಶ ಕಳಿಸುತ್ತೆ. ಅದಕ್ಕೆ ಬಸ್ಸೂ ಒಂದೇ, ನಾಯಿಯೂ ಒಂದೇ. ಲಿವರ್ ಸಕ್ಕರೆ ಬಿಡುತ್ತೆ. ಆದರೆ ನೀವು ಓಡಲ್ಲ.”

“ಕುರ್ಚಿಯಂಗೆ ಕೂತ್ ಬನ್ಸ್ ತಿಂತೆ,” ಎಂದು ಚಂದಯ್ಯ ತಾನೇ ಒಪ್ಪಿಕೊಂಡ.

“ಅದಕ್ಕೂ ಕಾರಣ ಇದೆ. ಆ ರಸ ಹೆಚ್ಚಾದರೆ ಸಿಹಿ ಬೇಕು ಅನ್ನಿಸುತ್ತೆ, ನಿದ್ದೆ ಕೆಡುತ್ತೆ. ದಿನಾ ಹೀಗೇ ನಡೆದರೆ ಖರ್ಚಾಗದೆ ಉಳಿದದ್ದು ಕೊಬ್ಬಾಗಿ ಹೊಟ್ಟೆಯಲ್ಲಿ, ಲಿವರಿನಲ್ಲಿ ಕೂರುತ್ತೆ. ಲಿವರ್ ಅಳೋದಿಲ್ಲ, ಕೂಗೋದಿಲ್ಲ. ವರ್ಷಗಟ್ಟಲೆ ಬಿಟ್ಟರೆ ಊದಿಕೊಂಡು ಗಾಯವಾಗಿ ಗಟ್ಟಿಯಾಗಬಹುದು. ನಿಮ್ಮದು ಅಲ್ಲಿಗೆ ಹೋಗಿಲ್ಲ. ಇನ್ನೂ ಸರಿಪಡಿಸಬಹುದು.”

ಮಾತ್ರೆ ಕೊಡಿ ಎಂದ ಚಂದಯ್ಯ. ಡಾಕ್ಟರಮ್ಮ ಕೊಡಲಿಲ್ಲ. ದಿನಾ ನಲವತ್ತು ನಿಮಿಷ ಬಿರುಸಿನ ನಡಿಗೆ, ಸಕ್ಕರೆ ಮತ್ತು ಕರಿದದ್ದು ಬಿಡುವುದು, ಆರು ತಿಂಗಳಲ್ಲಿ ಏಳು ಕಿಲೋ ಇಳಿಸುವುದು, ನಿದ್ದೆ. ಮದ್ದು ಇಷ್ಟೇ ಎಂದರು. ಕೊನೆಗೆ ಕೇಳಿದರು, “ನಿದ್ದೆ ಬಿಟ್ಟದ್ದು ಯಾವಾಗಿನಿಂದ?”

“ಚೌತಿ ಕಳ್ದ್ ಮೇಲೆ,” ಎಂದಳು ವನಜ.

ಚಂದಯ್ಯ ಕಿಟಕಿಯ ಕಡೆ ನೋಡಿದ.

ಪುಷ್ಪ ಅದನ್ನು ಗಮನಿಸಿದ್ದಳು. ಬಸ್ಸಿಗೆ ಕಾಯುವಾಗ, ವನಜ ಕಾಯಿಪಲ್ಲೆ ತರಲು ಹೋದ ಹೊತ್ತಿಗೆ, ಮೆಲ್ಲಗೆ ಕೇಳಿದಳು. “ಚೌತಿ ಹೊತ್ತಿಗೆ ಎಂತ ಆಯಿದ್ದ್ ಚಂದಣ್ಣ?”

ಮೊದಲು ಎಂತದೂ ಇಲ್ಲೆ ಎಂದ. ಎರಡನೇ ಸಲ ಕೇಳಿದಾಗ ಟವಲಿನಲ್ಲಿ ಮುಖ ಒರೆಸಿಕೊಂಡ. ಆಮೇಲೆ ಹೇಳಿದ. ಚೌತಿ ಕಳೆದ ವಾರ ಕಂಡಕ್ಟರುಗಳ ಜಗಳದಲ್ಲಿ ಕೆಂಪು ಬಸ್ಸನ್ನು ಮೂರು ನಿಮಿಷ ತಡವಾಗಿ ಬಿಟ್ಟಿದ್ದ. ಸಮಯ ಹಿಡಿಯಲು ಅದು ಓಡಿಕೊಂಡು ಹೋಯಿತು. ಉಪ್ಪುಂದದ ಹತ್ತಿರ ಮೀನು ಮಾರುವ ಅಪ್ಪಿ ಬಿದ್ದು ಕೈ ಮುರಿದುಕೊಂಡಳು ಎಂದು ಮಧ್ಯಾಹ್ನ ಸುದ್ದಿ ಬಂತು.

“ಬಸ್ ಬಿಟ್ಟದ್ ನಾನ್,” ಎಂದ ಚಂದಯ್ಯ. “ಮುದ್ಕಿ ಸತ್ತಿದ್ರೆ? ಅಲ್ಲಿಂದ ಒಂದ್ ನಿಮಿಷ ಆಚೀಚೆ ಆದ್ರೂ ನಂಗೆ ಎದಿ ಹೊಡ್ಕಂತ್. ಮನಿಯಂಗೆ ಹೇಳ್ಲಿಲ್ಲೆ. ಯಾರಿಗೂ ಹೇಳ್ಲಿಲ್ಲೆ, ಬಸ್ಸಿನವ್ರನ್ನ್ ಕೇಣುಕೂ ಹೆದ್ರಿದೆ.”

“ಅಪ್ಪಿಯಮ್ಮನನ್ನ್ ಹೋಯಿ ಕಂಡ್ರಿಯಾ?”

“ಎಂತ ಮೋರಿ ತಕಂಡ್ ಹೋಪುದ್, ಹ್ಯಾಂಗ್ ಮುಖ ತೋರ್ಸುದ್?”

“ಇಪ್ಪು ಮೋರಿಯನ್ನೇ ತಕಂಡ್ ಹೋಪ,” ಎಂದಳು ಪುಷ್ಪ. ಬಸ್ಸು ಬಂದಾಗ ಮೂವರಿಗೂ ಉಪ್ಪುಂದಕ್ಕೇ ಟಿಕೆಟ್ ತೆಗೆದಳು.

ಅಪ್ಪಿ ಮನೆಯ ಅಂಗಳದಲ್ಲಿ ಕೂತು ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಮುರಿದ ಕೈ ಕೂಡಿತ್ತು. ಅದೇ ಕೈಯಲ್ಲಿ ಬುಟ್ಟಿ ಬಡಿಯುತ್ತಿದ್ದಳು. ಚಂದಯ್ಯನನ್ನು ಕಂಡು, “ಹ್ವಾಯ್, ಸೀಟಿ ಚಂದಯ್ಯ ಅಲ್ದಾ? ಕೂಕಣಿ,” ಎಂದಳು.

ಚಂದಯ್ಯ ಕೂರಲಿಲ್ಲ. ನಿಂತಲ್ಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ತಪ್ಪಾಯ್ತು ಎಂದ. ಗಂಡನ ಮುಖ ನೋಡುತ್ತಿದ್ದ ವನಜನಿಗೆ ಐದು ತಿಂಗಳ ನಿದ್ದೆಯ ಲೆಕ್ಕ ಆಗ ಸಿಕ್ಕಿತು.

ಅಪ್ಪಿ ಕೇಳುತ್ತಾ ಕೇಳುತ್ತಾ ಬುಟ್ಟಿ ಕೆಳಗಿಟ್ಟಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಆ ಬಸ್ ನನ್ನ ಮುಟ್ಲೇ ಇಲ್ಲೆ ಮಾರಾಯ್ರೆ. ಅದ್ ಬಪ್ಪು ಮೊದ್ಲೇ ನಾ ಬಿದ್ದಾಯಿದ್ದಿತ್. ಹಾವ್ಸಿ ಕಟ್ಟಿದ ಕಲ್ಲಿನ ಮೇಲ್ ಕಾಲ್ ಇಟ್ಟೆ, ಜಾರ್ದೆ. ಬುಟ್ಟಿ ಒಂದ್ ಬದಿ, ನಾ ಒಂದ್ ಬದಿ. ರಸ್ತಿಯಂಗೆ ಒಂದ್ ನರಮನ್ಸ ಇಲ್ಲೆ. ಆಗ್ಳ್ ಆ ಬಸ್ ಬಂತ್. ಡ್ರೈವರ್ ನಿಲ್ಸಿ, ನನ್ನ ಎತ್ತಿ, ಆಸ್ಪತ್ರಿ ಬಾಗ್ಲಿಗೆ ಬಿಟ್ಟ. ನೀವ್ ಟೈಮಿಗೆ ಸರಿ ಬಿಟ್ಟಿದ್ರೆ ಅದ್ ನಾ ಬೀಳು ಮೊದ್ಲೇ ಹೋತಿದ್ದಿತ್. ನನ್ನ ಎತ್ತುಕೆ ಕಾಗಿಯೂ ಬತ್ತಿರ್ಲಿಲ್ಲೆ.”

ಚಂದಯ್ಯ ಅಂಗಳದ ಮಣ್ಣಿನ ಮೇಲೆ ಹಾಗೇ ಕೂತ. ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ.

“ಐದ್ ತಿಂಗ್ಳ್ ಸುಮ್ನೆ ಬೆಂದ್ರಿ,” ಎಂದಳು ಅಪ್ಪಿ. “ಆಗ್ಳೇ ಬಂದ್ ಒಂದ್ ಮಾತ್ ಕೇಣುಕೆ ಎಂತ ಆಯಿದ್ದ್?”

ಹೊರಡುವಾಗ ಆರು ಬಂಗುಡೆ ಕಟ್ಟಿಕೊಟ್ಟಳು. “ಎಣ್ಣಿಯಂಗೆ ಹುರುಕಾಗ, ಸಾರ್ ಮಾಡಿ,” ಎಂದು ಪುಷ್ಪ ದಾರಿಯಲ್ಲೇ ವನಜನಿಗೆ ಎಚ್ಚರಿಸಿದಳು.

ಆ ರಾತ್ರಿ ಚಂದಯ್ಯ ಒಂಬತ್ತಕ್ಕೆ ಮಲಗಿ ಆರಕ್ಕೆ ಎದ್ದ. ಎದ್ದವನು ಕಾಯಿಲೆ ವಾಸಿಯಾಯಿತೆಂದು ತೀರ್ಮಾನಿಸಿ, ಬೈಂದೂರಿನ ಹೋಟೆಲಿನಲ್ಲಿ ನಾಲ್ಕು ಬನ್ಸ್ ತರಿಸಿದ. ಆರೋಗ್ಯ ಕೇಂದ್ರಕ್ಕೆ ಹೊರಟಿದ್ದ ಪುಷ್ಪ ಅದನ್ನು ಕಂಡು ಒಳಗೆ ಬಂದಳು.

“ಚಂದಣ್ಣ, ಚಿಂತಿ ಹೋಯ್ತ್. ಕೊಬ್ಬ್ ಹೋಯ್ಲಿಲ್ಲೆ.”

ಚಂದಯ್ಯ ಬನ್ಸಿನ ತಟ್ಟೆಯನ್ನು ಎದುರು ಕೂತವರ ಕಡೆ ಸರಿಸಿದ. ಅವರು ಬೇಡವೆನ್ನಲಿಲ್ಲ.

ಅಂದಿನಿಂದ ಕೆಲಸ ಮುಗಿದ ಮೇಲೆ ಬೈಂದೂರಿನಿಂದ ಬಿಜೂರಿಗೆ ನಡೆದೇ ಬರತೊಡಗಿದ. ಕೆಂಪು ಬಸ್ಸು ನಿಲ್ಲಿಸಿ ಕರೆದರೂ ಹತ್ತಲಿಲ್ಲ, ಹಸಿರು ಬಸ್ಸು ಕರೆದರೂ ಹತ್ತಲಿಲ್ಲ. ಮೂರು ನಿಮಿಷದ ಜಗಳವನ್ನು ಬಸ್ಸಿನ ಮಾಲೀಕರ ಮುಂದೆ ಇಟ್ಟ. ಅವರು ಸಮಯ ಬರೆದ ಬೋರ್ಡು ಹಾಕಿಸಿದರು. ಜಗಳ ಪೂರ್ತಿ ನಿಂತಿತು ಎನ್ನುವಂತಿಲ್ಲ. ಆದರೆ ಈಗ ಸಿಟ್ಟು ಬಂದರೆ ಚಂದಯ್ಯ ಕುರ್ಚಿಯಿಂದ ಎದ್ದು ನಿಲ್ದಾಣಕ್ಕೆ ಎರಡು ಸುತ್ತು ಹಾಕುತ್ತಿದ್ದ. ಕೆಲವು ದಿನ ಹನ್ನೆರಡು ಸುತ್ತು. ಮೊದಲ ವಾರ ಸಪ್ಪೆ ಚಹಾ ಕುಡಿಯುವಾಗ ಅವನ ಮುಖ ಕಂಡವರಿಗೆ ಪಾಪ ಎನ್ನಿಸುತ್ತಿತ್ತು. ಎರಡನೇ ತಿಂಗಳು ಅವನೇ ಹೇಳಿದ, “ಚಾದ ರುಚಿ ಈಗ ಗೊತ್ತಾತ್ತ್.”

ಸಮಿತಿಯವರಿಗೆ ಪುಷ್ಪ ಡಾಕ್ಟರಮ್ಮನ ಚೀಟಿ ತೋರಿಸಿದಳು. ಮಾರ್ಚಿನ ಶಿಬಿರದಲ್ಲಿ ಚಂದಯ್ಯ ವೇದಿಕೆ ಹತ್ತಿದ. ಪ್ರತಿ ವರ್ಷ ಒಂದು ಗಂಟೆ ಮಾತಾಡುವವನು, ಆ ವರ್ಷ ಜೇಬಿನಿಂದ ಸ್ಕ್ಯಾನಿಂಗ್ ಕಾಗದ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ.

“ಇದ್ ನನ್ನ ಲಿವರ್. ಒಂದ್ ಹನಿ ಕುಡಿಲಿಲ್ಲೆ. ಸಕ್ರಿ ತಿಂದೆ, ಕೂತೆ, ಒಳಗೊಳಗೇ ಹೆದ್ರಿದೆ. ಅಷ್ಟಕ್ಕೇ ಹೀಂಗಾಯ್ತ್. ಕುಡಿವವ್ರದ್ ಎಂತ ಆಯಿರ್ಕ್, ನೀವೇ ಆಲೋಚ್ನಿ ಮಾಡಿ. ನಂಗ್ ಮತ್ತೆ ಹೇಳುಕೆ ಎಂತದೂ ಇಲ್ಲೆ.”

ಮರುದಿನ ಬೆಳಿಗ್ಗೆ ಪುಷ್ಪನ ಮನೆ ಬಾಗಿಲಲ್ಲಿ ಸುಬ್ಬ ನಿಂತಿದ್ದ. ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿದ್ದ.

“ಚಂದಣ್ಣನದ್ದೇ ಹಾಂಗಾರೆ ನಂದೂ ಒಂದ್ಸಲ ಕಾಂಬ,” ಎಂದ. ದನಿ ಸಣ್ಣಗಿತ್ತು.

ಸುಬ್ಬನ ಲಿವರ್ ಚಂದಯ್ಯನದ್ದಕ್ಕಿಂತ ಕೆಟ್ಟಿತ್ತು. ಇವತ್ತೇ ಬಿಟ್ಟರೆ ಇನ್ನೂ ಹಾಳಾಗುವುದನ್ನು ತಪ್ಪಿಸಬಹುದು, ಬಿಡದಿದ್ದರೆ ನಾನು ಏನೂ ಮಾಡಲಾರೆ ಎಂದರು ಡಾಕ್ಟರಮ್ಮ. ಒಮ್ಮೆಲೇ ಬಿಟ್ಟರೆ ಕೈ ನಡುಕ, ಫಿಟ್ಸ್ ಬರಬಹುದು, ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು ಎಂದೂ ಹೇಳಿದರು. ಸುಬ್ಬ ವೈದ್ಯರಿದ್ದ ಶಿಬಿರಕ್ಕೆ ನಾಲ್ಕನೇ ಸಲ ಹೋದ. ಈ ಸಲ ಯಾರೂ ಎತ್ತಿಕೊಂಡು ಹೋಗಲಿಲ್ಲ. ಆಗಸ್ಟಿನಲ್ಲಿ ಚಂದಯ್ಯ ಮರುಪರೀಕ್ಷೆಗೆ ಕುಂದಾಪುರಕ್ಕೆ ಹೊರಟಾಗ ಪಕ್ಕದ ಸೀಟಿನಲ್ಲಿ ಸುಬ್ಬ ಕೂತಿದ್ದ. ಬಿಟ್ಟು ನೂರಾ ಮೂವತ್ತು ದಿನವಾಗಿತ್ತು. ಚಂದಯ್ಯನ ತೂಕ ಎಪ್ಪತ್ತನಾಲ್ಕಕ್ಕೆ ಇಳಿದಿತ್ತು, ರಕ್ತದ ಏರುಪೇರು ಸರಿಹೋಗಿತ್ತು, ಲಿವರಿನ ಕೊಬ್ಬು ಕರಗುತ್ತಿತ್ತು. ನಡಿಗೆ ಮಾತ್ರ ನಿಲ್ಲಿಸಬೇಡಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು.

ಓದುತ್ತಿರುವ ಅಕ್ಕ, ಅಣ್ಣ, ಇದು ನಿಮ್ಮ ಮನೆಯ ಮಾತೂ ಹೌದು. ಲಿವರ್ ಕಾಯಿಲೆ ಕುಡಿಯುವವರಿಗೆ ಮಾತ್ರ ಬರುವುದಿಲ್ಲ. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ಕೂತ ಕೆಲಸ, ಬಿಡದ ಸುಸ್ತು ಇದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ. ರಿಪೋರ್ಟನ್ನು ಓದು ಬಲ್ಲವರಿಗಲ್ಲ, ವೈದ್ಯರಿಗೆ ತೋರಿಸಿ. ಯಾರೋ ಹೇಳಿದ ಬೇರು, ಟಾನಿಕ್ಕು ಕುಡಿಯಬೇಡಿ. ಸಕ್ಕರೆ ಕಡಿಮೆ ಮಾಡಿ, ದಿನಾ ನಡೆಯಿರಿ. ಕುಡಿಯುವವರು ವೈದ್ಯರ ಸಹಾಯ ಪಡೆದು ಬಿಡಿ. ಲಿವರ್ ಕೆಟ್ಟವರನ್ನು ಕಂಡು ಕುಡುಕ ಎಂದು ನಗಬೇಡಿ.

ಇನ್ನೊಂದು ಮಾತು. ಮನಸ್ಸಿನ ಭಾರ ಮನಸ್ಸಿನಲ್ಲೇ ನಿಲ್ಲುವುದಿಲ್ಲ, ಒಳಗಿನ ಅಂಗಾಂಗಕ್ಕೂ ಇಳಿಯುತ್ತದೆ. ಮನೆಯಲ್ಲಿ ನಿದ್ದೆ ಬಾರದೆ ಹೊರಳುವವರು ಯಾರಾದರೂ ಇದ್ದಾರೆಯೇ? ಅವರ ಹತ್ತಿರ ಕೂತು, ಎಂತ ಆಯ್ತ್ ಎಂದು ಕೇಳಿ. ಮೊದಲ ಸಲ ಎಂತದೂ ಇಲ್ಲೆ ಎನ್ನುತ್ತಾರೆ. ಎರಡನೇ ಸಲವೂ ಕೇಳಿ.